ಅಡುಗೆ ಕಟ್ಟೆಯ ಕಲ್ಲು: ನಾವೇ ಕೂರಿಸೋಣವೇ, ಮೇಸ್ತ್ರಿಯನ್ನು ಕರೆಯೋಣವೇ?



ಇಂದು ನಾವು ಮಾತಾಡಬೇಕೆಂದಿರುವುದು ಅಡುಗೆ ಕಟ್ಟೆಯ ಮೇಲೆ ಹಾಸುವ ಕಲ್ಲಿನ ವಿಚಾರ. ಇದು ಕೂಲಿಕಾರರ ಸಭೆಯಲ್ಲಿ ಆಡುವ ಮಾತೇ ಎಂದು ಕೆಲವರು ಕೇಳಬಹುದು. ದಿನವೆಲ್ಲ ತೋಟದಲ್ಲಿ ಬಗ್ಗಿ ದುಡಿದು ಬಂದ ತಾಯಂದಿರು ಮನೆಯಲ್ಲೂ ನೆಲದ ಒಲೆಯ ಮುಂದೆ ಬಗ್ಗಬೇಕೇ? ಕಟ್ಟೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮೇಸ್ತ್ರಿಯ ಕೂಲಿ ಉಳಿಸಿ ನಾವೇ ಕಲ್ಲು ಕೂರಿಸಬಹುದೇ ಎಂಬಲ್ಲಿಯೇ ಮನೆಮನೆಯಲ್ಲೂ ವಾದ.

ಮೊದಲು ಮನೆ ಯಾರದೆಂದು ನೋಡೋಣ. ಎಸ್ಟೇಟಿನ ಲೈನ್ ಮನೆಯಾದರೆ ನಿಮ್ಮ ಕೈಯಿಂದ ಹಣ ಹಾಕಲು ಅವಸರ ಬೇಡ. ಕಾರ್ಮಿಕರಿಗೆ ಮನೆ ಕೊಟ್ಟು ಅದನ್ನು ದುರಸ್ತಿಯಲ್ಲಿಡುವ ಹೊಣೆಯನ್ನು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಮಾಲೀಕರ ಮೇಲೆ ಹೊರಿಸಿತು. 2020ರಲ್ಲಿ ಬಂದ ಹೊಸ ಸಂಹಿತೆ ತೋಟದ ಕಾರ್ಮಿಕರ ವಸತಿಯ ಮಾತು ಬಂದಲ್ಲಿ ಅಡುಗೆಮನೆಯನ್ನೂ ಹೆಸರಿಸಿದೆ. ಆದ್ದರಿಂದ ಮೊದಲು ಯೂನಿಯನ್ ಮೂಲಕ ಬರವಣಿಗೆಯಲ್ಲಿ ಕೇಳಿ.

ಊರಿನಲ್ಲಿ ಕಟ್ಟಿಸಿಕೊಂಡ ಸ್ವಂತ ಮನೆಯಾದರೆ ಮಾತು ಬೇರೆ. ಮಾಧವರಂ, ಆದೋನಿ ಸೀಮೆಯ ನಮಗೆ ಬೇತಂಚೆರ್ಲ, ತಾಡಿಪತ್ರಿ, ಕಡಪದ ಕಲ್ಲು ಹೊಸದಲ್ಲ. ಕಪ್ಪು ಕಡಪ ಕಲ್ಲು ಗ್ರಾನೈಟಿಗಿಂತ ಅಗ್ಗ, ಕೊಯ್ಯಲೂ ಸುಲಭ. ಆದರೆ ಅದು ಸುಣ್ಣದ ಜಾತಿಯ ಕಲ್ಲು. ಹುಣಸೆಹುಳಿ, ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಆಸಿಡ್ ಹಾಕಿ ತೊಳೆದರಂತೂ ಹೊಳಪೇ ಹೋಗುತ್ತದೆ. ಗ್ರಾನೈಟಿಗೆ ಹುಳಿಯ ಭಯವಿಲ್ಲ, ಆದರೆ ಅದನ್ನು ಕೊಯ್ಯುವುದು ಗಟ್ಟಿ ಕೆಲಸ.

ಈಗ ಕೆಲಸವನ್ನು ಎರಡು ಪಾಲು ಮಾಡೋಣ. ಕೆಟ್ಟರೆ ಬಿಚ್ಚಿ ಮತ್ತೆ ಮಾಡಬಹುದಾದದ್ದು ನಮ್ಮ ಪಾಲು. ಕೆಟ್ಟರೆ ಸರಿಪಡಿಸಲಾಗದ್ದು ಮೇಸ್ತ್ರಿಯ ಪಾಲು.

ಅಳತೆ ನಮ್ಮ ಪಾಲಿನದು. ಕಟ್ಟೆಯ ಎತ್ತರವನ್ನು ಅಡುಗೆ ಮಾಡುವವರೇ ಹೇಳಬೇಕು. ನೆಟ್ಟಗೆ ನಿಂತು ಮೊಣಕೈ ಮಡಚಿದರೆ, ಅದಕ್ಕಿಂತ ನಾಲ್ಕರಿಂದ ಆರು ಅಂಗುಲ ಕೆಳಗೆ ಕಲ್ಲು ಬರಬೇಕು. ಬಹುಮಂದಿಗೆ ಅದು 32ರಿಂದ 34 ಅಂಗುಲಕ್ಕೆ ಬರುತ್ತದೆ. ಅಗಲ ಎರಡು ಅಡಿ ಸಾಕು. ಕಲ್ಲನ್ನು ಹೊರುವ ಇಟ್ಟಿಗೆಯ ಅಡ್ಡಗೋಡೆಗಳನ್ನು ಗಾರೆ ಕೆಲಸ ಸ್ವಲ್ಪ ಬಲ್ಲ ಯಾರೂ ಕಟ್ಟಬಹುದು. ಅವುಗಳ ನಡುವಿನ ಅಂತರ ಎರಡೂವರೆ ಅಡಿ ಮೀರದಿರಲಿ. ಕಟ್ಟಿದ ಮೇಲೆ ಏಳು ದಿನ ತಪ್ಪದೆ ನೀರುಣಿಸಿ. ರಸಮಟ್ಟ ಇಟ್ಟು ಎಲ್ಲ ಗೋಡೆಯ ತಲೆಯೂ ಒಂದೇ ಮಟ್ಟದಲ್ಲಿದೆಯೇ ನೋಡಿ. ಗ್ಯಾಸ್ ಸಿಲಿಂಡರಿಗೆ ಗಾಳಿಯಾಡುವ ತೆರೆದ ಜಾಗ ಬಿಡಿ. ಸಿಲಿಂಡರು ನಿಂತೇ ಇರಬೇಕು, ಒಲೆ ಅದಕ್ಕಿಂತ ಮೇಲಿರಬೇಕು.

ಮೇಸ್ತ್ರಿಯ ಪಾಲು ಕಲ್ಲು ಕೊಯ್ಯುವುದು, ಸಿಂಕಿನ ಕಂಡಿ ತೆಗೆಯುವುದು, ಚಪ್ಪಡಿ ಎತ್ತಿ ಕೂರಿಸುವುದು. ಆರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂಕಾಲು ಅಂಗುಲ ದಪ್ಪದ ಚಪ್ಪಡಿ ಸುಮಾರು 95 ಕಿಲೋ ತೂಗುತ್ತದೆ. ಅಂದರೆ ಹೆಚ್ಚುಕಡಿಮೆ ಎರಡು ಮೂಟೆ ಸಿಮೆಂಟಿನ ಭಾರ. ಅದನ್ನು ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿದೀತು. ಕನ್ನಡಿ ಹೊತ್ತಂತೆ ಅಂಚಿನ ಮೇಲೆ ನಿಲ್ಲಿಸಿ ತರಬೇಕು. ಸಿಂಕಿನ ಕಂಡಿಯ ಮುಂದೆ ಉಳಿಯುವುದು ಕೆಲವೇ ಅಂಗುಲದ ಪಟ್ಟಿ. ಕಲ್ಲು ಮೊದಲು ಬಿರಿಯುವುದು ಅಲ್ಲಿಯೇ. ಒಂದು ಚಪ್ಪಡಿ ಒಡೆದರೆ ಉಳಿಸಿದ ಕೂಲಿ ಹೊಸ ಕಲ್ಲಿಗೆ ಹೋಗುತ್ತದೆ. ಕಾಲ ಮೇಲೆ ಬಿದ್ದರೆ ವಾರಗಟ್ಟಲೆ ಹಾಜರಿಯೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಧೂಳು. ಕಲ್ಲು ಕೊಯ್ದಾಗ ಏಳುವ ನುಣುಪು ಧೂಳಿನಲ್ಲಿ ಸಿಲಿಕಾ ಇರುತ್ತದೆ. ಗ್ರಾನೈಟಿನಲ್ಲಿ ಅದು ಹೆಚ್ಚು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಎದೆಯ ಬೇನೆ ಬರುತ್ತದೆ. ಬಂದ ಮೇಲೆ ವಾಸಿಯಾಗುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ್ದೂ ಇದೇ ಬೇನೆ. ಕಾರ್ಖಾನೆಯಲ್ಲಿ ಅಂಟು ಬೆರೆಸಿ ಮಾಡುವ ಕೃತಕ ಕಲ್ಲಿನ ಚಪ್ಪಡಿಗಳಲ್ಲಿ ಸಿಲಿಕಾ ಬಹಳ. ಅವನ್ನು ಕೊಯ್ಯುವ ಕಾರ್ಮಿಕರು ಈ ಬೇನೆಗೆ ಬಿದ್ದುದರಿಂದ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅವುಗಳನ್ನೇ ನಿಷೇಧಿಸಿತು. ಯಾರದೋ ಮನೆಯ ಅಡುಗೆ ಕಟ್ಟೆಗಾಗಿ ಯಾರದೋ ಉಸಿರು ಹೋಗುವುದು ನ್ಯಾಯವೇ?

ಆದ್ದರಿಂದ ಮೇಸ್ತ್ರಿಯನ್ನು ಕರೆದಾಗಲೂ ನಮ್ಮ ಕರ್ತವ್ಯ ಮುಗಿಯಲಿಲ್ಲ. ಕಲ್ಲನ್ನು ಮನೆಯೊಳಗೆ ಒಣಗಲು ಕೊಯ್ಯಬೇಡಿ, ಹೊರಗೆ ನೀರು ಬಿಟ್ಟು ಕೊಯ್ಯಿರಿ ಎಂದು ಹೇಳೋಣ. ಕರೆಂಟಿನ ಮಿಷನ್ನಿಗೆ ನೀರು ಬಿಡುವಾಗ ಅದಕ್ಕೆಂದೇ ಮಾಡಿದ ಮಿಷನ್ನೇ ಆಗಿರಬೇಕು. ಬರೀ ಟವೆಲು ಸುತ್ತಿದರೆ ನುಣುಪು ಧೂಳು ನಿಲ್ಲದು. ಅದಕ್ಕೆ ತಕ್ಕ ಮುಖವಾಡ ಬೇಕು. ಮಕ್ಕಳನ್ನು ದೂರ ಇಡೋಣ.

ಕೂಲಿಯನ್ನು ಮೊದಲೇ ಮಾತಾಡಿ ಚೀಟಿಯಲ್ಲಿ ಬರೆದಿಡಿ: ಅಡಿಯ ಲೆಕ್ಕವೋ, ದಿನದ ಲೆಕ್ಕವೋ, ಸಿಂಕಿನ ಕಂಡಿ, ಅಂಚು ದುಂಡು ಮಾಡುವುದು ಸೇರಿದೆಯೋ ಇಲ್ಲವೋ, ಕಲ್ಲು ಒಡೆದರೆ ನಷ್ಟ ಯಾರದು. ಸಿಂಕಿನ ಕಡೆಗೆ ತುಸು ವಾಟ ಇದೆಯೇ ಎಂದು ಒಂದು ಚೊಂಬು ನೀರು ಸುರಿದು ನೋಡಿ, ಆಮೇಲೆ ಉಳಿದ ಹಣ ಕೊಡಿ. ಒಪ್ಪಿದ್ದರಲ್ಲಿ ಒಂದು ರೂಪಾಯಿಯನ್ನೂ ಕಡಿಯಬೇಡಿ. ನಮ್ಮ ಕೂಲಿಗಾಗಿ ಮಾಲೀಕರೊಡನೆ ಜಗ್ಗಾಡುವ ನಾವು ನಮ್ಮಂಥದೇ ಕೂಲಿಕಾರನ ಹೊಟ್ಟೆಯ ಮೇಲೆ ಹೊಡೆಯಬಾರದು.

ಇಟ್ಟಿಗೆ, ಮರಳು ಹೊತ್ತು ಗೋಡೆಯನ್ನು ನಾವೇ ಎಬ್ಬಿಸಿದರೆ ಮೇಸ್ತ್ರಿಯ ದಿನಗಳು ಕಡಿಮೆಯಾಗುತ್ತವೆ. ಉಳಿತಾಯ ಇರುವುದು ಅಲ್ಲಿ. ಕಲ್ಲು ಕೊಯ್ಯುವ ಕಡೆ ಉಳಿತಾಯ ಹುಡುಕಬೇಡಿ.