ಮಂಗ ಸತ್ತ ಸುದ್ದಿ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಜನ ದರಗು ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೊರಡುತ್ತಾರೆ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಅದು ಬೇಕೇ ಬೇಕು. ಆ ತರಗೆಲೆಯಲ್ಲಿ ಉಣುಗಿನ ಮರಿ ಕಾದಿರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕೆಲವು ದಿನ ಕಳೆದು ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ಮೈಕೈ ಹಿಂಡುವ ಬೇನೆ. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಇದೇ ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಂಚಿನ ಹಳ್ಳಿಗರು ಜ್ವರದಿಂದ ಮಲಗಿದಾಗ ಮೊದಲು ಅದನ್ನು ವಿಷಮಶೀತ ಜ್ವರವೆಂದೇ ಬಗೆದರು. ಆದರೆ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ದಿಗಿಲಾಯಿತು. ಮಂಗಗಳನ್ನು ಹಾಗೆ ಕೊಲ್ಲುವುದು ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿರಲೇ ಇಲ್ಲ. ಟೆಲ್‌ಫೋರ್ಡ್ ವರ್ಕ್ ಎಂಬ ವಿಜ್ಞಾನಿಯ ತಂಡ ಪುಣೆಯಿಂದ ಬಂದು ಮಂಗದಲ್ಲೂ ಮನುಷ್ಯರಲ್ಲೂ ಒಂದೇ ವೈರಸ್ ಕಂಡುಹಿಡಿಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನಂಟು. ನಮ್ಮ ಕಾಡಿನ ಹೆಸರನ್ನೇ ಅದಕ್ಕಿಟ್ಟರು.

ಮಂಗನ ಮೇಲೆ ತಪ್ಪು ಹೊರಿಸಬೇಡಿ. ಮುಸಿಯ, ಕೆಂಪು ಮಂಗ ಎರಡೂ ನಮ್ಮಂತೆಯೇ ಇದಕ್ಕೆ ಬಲಿ. ಸತ್ತ ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಉದುರಿ ಅಲ್ಲೇ ನೆಲದಲ್ಲಿ ಉಳಿಯುತ್ತವೆ. ಹಾಗಾಗಿ ಆ ಜಾಗದ ಸುತ್ತ 50 ಮೀಟರ್ ಕೀಟನಾಶಕ ಸಿಂಪಡಿಸುವುದು ವಾಡಿಕೆ. ಕಾಡು ಕಡಿದು ದನ ಮೇಯಿಸತೊಡಗಿದ ಮೇಲೆ ಉಣುಗು ಹೆಚ್ಚಿ ಕಾಯಿಲೆ ಎದ್ದಿತೆಂದು ಬೋಷೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದರು. ಅದು ಸರಿಯೆಂದೇ ನನಗೂ ಅನ್ನಿಸುತ್ತದೆ.

ದಶಕಗಳ ಕಾಲ ಶಿವಮೊಗ್ಗ, ಉತ್ತರ ಕನ್ನಡದ ಸುತ್ತಲೇ ಇದ್ದ ಕಾಯಿಲೆ 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವು ಸಾಲುಗಟ್ಟಿತು. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆಯಿದು.

ಇದಕ್ಕೆ ಲಸಿಕೆಯೊಂದಿತ್ತು. 2005ರಿಂದ 2010ರವರೆಗಿನ ಲೆಕ್ಕ ಹಾಕಿ ನೋಡಿದಾಗ ಎರಡು ಡೋಸ್‌ಗೆ ಸಿಕ್ಕ ರಕ್ಷಣೆ ಸುಮಾರು 62%, ಬೂಸ್ಟರ್ ಸೇರಿದರೆ 83%. ಅಷ್ಟಕ್ಕೂ ಬೇಗ ಶಕ್ತಿ ಕುಂದುವ ಲಸಿಕೆಗಾಗಿ ಕೂಲಿ ಬಿಟ್ಟು ಮತ್ತೆ ಮತ್ತೆ ಬರುವವರು ಯಾರು? 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆ ತಯಾರಿಸುವ ಕೆಲಸದಲ್ಲಿದೆ. ಬಡವರ, ಕಾಡಂಚಿನವರ ಕಾಯಿಲೆಯಾದದ್ದಕ್ಕೇ ಇಷ್ಟು ತಡವಾಯಿತೆಂಬ ಸಂಕಟ ನನ್ನದು.

ಅಲ್ಲಿಯವರೆಗೆ ಕಾಡಿಗೆ ಹೋಗುವಾಗ ಮೈಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ತೊಡಿ, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ. ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ.