ತಪ್ಪು ಯಾರದು?



ಬನಶಂಕರಿ ದೇವಸ್ಥಾನದ ಮುಂದಿನ ಕನಕಪುರ ರಸ್ತೆಯನ್ನು ಮಂಗಳವಾರವೋ ಶುಕ್ರವಾರವೋ ನೋಡಿದ್ದೀರಾ? ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಬಂದವರು, ಬಸ್ ಹಿಡಿಯಲು ಓಡುವವರು, 2017ರಿಂದ ಮೆಟ್ರೋ ಇಳಿದು ಬರುವವರು, ಎಲ್ಲರ ನಡುವೆ ವಾಹನಗಳು. ಯಾರಿಗಾದರೂ ಗಾಡಿ ತಗುಲಿತೆನ್ನಿ, ಕೂಡಿದ ಜನ ಎರಡು ಪಕ್ಷವಾಗುತ್ತಾರೆ. "ನೋಡದೆ ನುಗ್ಗಿದ" ಎಂದು ಕೆಲವರು, "ಕಣ್ಣುಮುಚ್ಚಿ ಓಡಿಸಿದ" ಎಂದು ಕೆಲವರು. ಈ ವಾದದಲ್ಲಿ ವೇಗದ ಲೆಕ್ಕ ಹಾಕುವವರು ಕಡಿಮೆ. ನಾವು ಹಾಕೋಣ.

ಒಣ ರಸ್ತೆ, ಒಳ್ಳೆಯ ಬ್ರೇಕ್. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. 20 ಮೀಟರ್ ಮುಂದೆ ಒಬ್ಬರು ರಸ್ತೆಗಿಳಿದರು. ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ 15 ಮೀಟರ್ ಮುಗಿಯಿತು. ಬ್ರೇಕ್ ವೇಗವನ್ನು ಸೆಕೆಂಡಿಗೆ 7.5 ಮೀಟರಿನಂತೆ ಇಳಿಸಿದರೂ ನಿಲ್ಲಲು ಇನ್ನೂ 15 ಮೀಟರ್ ಬೇಕು, ಉಳಿದಿರುವುದು ಐದೇ. ಕಾರು ಸುಮಾರು 44 ಕಿ.ಮೀ. ವೇಗದಲ್ಲೇ ಬಡಿಯುತ್ತದೆ. ಅದೇ ಕಾರು 27 ಕಿ.ಮೀ. ವೇಗದಲ್ಲಿದ್ದರೆ ಹನ್ನೊಂದೂಕಾಲು ಮೀಟರಿಗೆ ನಿಲ್ಲುತ್ತದೆ. ನೋಡದೆ ಇಳಿದವರ ತಪ್ಪು ಎರಡು ಸಲವೂ ಒಂದೇ. ಒಮ್ಮೆ ಬೈಗುಳ ತಿಂದು ಮನೆಗೆ ಹೋದರು, ಇನ್ನೊಮ್ಮೆ ಆಸ್ಪತ್ರೆಗೆ.

ಪಾದಚಾರಿ ಸದಾ ನಿರಪರಾಧಿಯೇನಲ್ಲ. ಫೋನ್ ನೋಡುತ್ತ, ವಿಭಜಕ ಹಾರಿ ದಾಟುವವರನ್ನು ನಾವು ಕಂಡೇ ಇದ್ದೇವೆ. ಆದರೆ ಓಡಿಸಲು ಪರೀಕ್ಷೆಯಿದೆ, ಪರವಾನಗಿಯಿದೆ. ನಡೆಯುವವರಲ್ಲಿ ಆರು ವರ್ಷದ ಮಗುವೂ ಇದೆ, ಕಣ್ಣು ಮಂಜಾದ ಅಜ್ಜಿಯೂ ಇದ್ದಾಳೆ. ಹೆಚ್ಚಿನ ಹೊಣೆ ಚಾಲಕನದೇ ಎಂದು ನನ್ನ ಅಭಿಪ್ರಾಯ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು.

ಸತ್ತವರು ಸಾಕ್ಷಿ ಹೇಳಲಾರರು. ತಪ್ಪನ್ನು ಸಾಬೀತುಪಡಿಸದೆಯೂ ಅವರ ಮನೆಯವರಿಗೆ ಪರಿಹಾರ ಸಿಗುವ ವ್ಯವಸ್ಥೆ 1982ರಲ್ಲಿ ಕಾನೂನಿಗೆ ಸೇರಿತು. ಆಗ ಅದು 15,000 ರೂಪಾಯಿ. 2022ರ ಏಪ್ರಿಲ್‌ನಿಂದ ಐದು ಲಕ್ಷ. ತೀವ್ರ ಗಾಯವಾದರೆ ಎರಡೂವರೆ ಲಕ್ಷ. ಚಾಲಕನಿಗೆ ಶಿಕ್ಷೆಯಾಗಬೇಕಾದರೆ ಮಾತ್ರ ಅವನ ನಿರ್ಲಕ್ಷ್ಯ ಸಾಬೀತಾಗಲೇಬೇಕು. 2019ರ ತಿದ್ದುಪಡಿ ಮೂರನೆಯವರನ್ನೂ ಕಟಕಟೆಗೆ ಕರೆಯಿತು: ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆ ನಿಗದಿತ ಮಟ್ಟದಲ್ಲಿಲ್ಲದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಸಂಸ್ಥೆಗೆ ಒಂದು ಲಕ್ಷದವರೆಗೆ ದಂಡ. ಮೊತ್ತ ತೀರ ಸಣ್ಣದು, ನಿಜ.

ನಿಮ್ಮ ಬೀದಿಯ ವೇಗವನ್ನು ನೀವೇ ಅಳೆಯಬಹುದು. ಕಾಲುದಾರಿಯ ಮೇಲೆ ಎರಡು ದೀಪದ ಕಂಬಗಳ ನಡುವಿನ ದೂರ ಅಳೆದು, ವಾಹನ ಅದನ್ನು ದಾಟುವ ಕಾಲವನ್ನು ಗಡಿಯಾರದಲ್ಲಿ ನೋಡಿ. 30 ಮೀಟರಿಗೆ ಎರಡೇ ಸೆಕೆಂಡ್ ಹಿಡಿದರೆ, ಅದು ಮೇಲಿನ ಲೆಕ್ಕದ ಮೊದಲ ಕಾರು.