ಮೀಸೆ ಮಣ್ಣಾದರೂ ಸರಿ

(ವಾರ್ಷಿಕ ನಿಧಿಸಂಗ್ರಹ ಭೋಜನಕೂಟದಲ್ಲಿ ನಮ್ಮ ಜೂಡೋ ಕ್ಲಬ್ಬಿನ ಪರವಾಗಿ ಮಾಡಿದ ಭಾಷಣ)

ವೇದಿಕೆಯ ಮೇಲಿರುವ ಹಿರಿಯರೇ, ಬಿಸಿಬೇಳೆಭಾತಿನ ಪರಿಮಳ ಮೂಗಿಗೆ ಬಡಿಯುತ್ತಿದ್ದರೂ ಕುರ್ಚಿ ಬಿಟ್ಟೇಳದೆ ಕುಳಿತಿರುವ ಸ್ನೇಹಿತರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ಒಬ್ಬರನ್ನೊಬ್ಬರು ಕೆಡವಲು ಹವಣಿಸುತ್ತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ನಮಗೆ ಕೊಟ್ಟಿರುವುದು ಹತ್ತು ನಿಮಿಷ. "ವರ್ಷದ ವರದಿ ಹೇಳಿ, ಮುಂದಿನ ಕಾರ್ಯಕ್ರಮ ಹೇಳಿ, ದುಡ್ಡು ಕೇಳಿ, ಇಳಿದುಬಿಡಿ" ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮೈಕು ಸಿಗುವುದೇ ಅಪರೂಪ, ಸ್ಲೈಡು ಇಲ್ಲದೆ ಮಾತಾಡುವುದು ಇನ್ನೂ ಅಪರೂಪ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೊಸಬರಿಗಾಗಿ ಒಂದು ಮಾತು. ಮಿಸ್ಸಿಸಾಗದ ಒಂದು ಶಾಲೆಯ ಜಿಮ್‌ನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಕ್ಲಬ್ಬು ಸೇರುತ್ತದೆ. 2016ರಲ್ಲಿ ಆರು ಮಕ್ಕಳಿಂದ ಶುರುವಾಯಿತು. ಕೋವಿಡ್ ಬಂದು 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದೆವು. ಒಬ್ಬರ ಕಾಲರ್ ಇನ್ನೊಬ್ಬರು ಹಿಡಿಯದೆ ಜೂಡೋ ಆಗುವುದಿಲ್ಲವಲ್ಲ, ಹಾಗಾಗಿ ಎಲ್ಲ ಕ್ಲಬ್ಬುಗಳಿಗಿಂತ ತಡವಾಗಿ ತೆರೆದವರು ನಾವೇ ಇರಬೇಕು. "ಕರಾಟೆ ಬಿಟ್ಟು ಇದೇನು ಜೂಡೋ?" ಎಂದು ಈಗಲೂ ಕೇಳುವವರಿದ್ದಾರೆ. ಶಂಕರ್‌ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಕರೆಯುತ್ತಾ ಬೆಳೆದ ತಲೆಮಾರು ನಮ್ಮದು, ಕೇಳುವುದು ಸಹಜ. ಉತ್ತರ ಸರಳ. ನಮಗೆ ಸಿಕ್ಕ ಗುರುಗಳು ಜೂಡೋ ಗುರುಗಳು!

ನಮ್ಮ ಸೆನ್ಸೇ ನಿವೃತ್ತ ಶಾಲಾಮಾಸ್ತರರು, ಜಪಾನಿ ಮೂಲದ ಕೆನಡಿಯನ್. ಅವರ ಹಿಂದಿನ ತಲೆಮಾರಿನವರ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಈ ದೇಶದಲ್ಲಿ ಜೂಡೋ ಬೇರೂರಿದ್ದು ವ್ಯಾಂಕೂವರಿನಲ್ಲಿ. ಶಿಗೆತಾಕಾ ಸಾಸಾಕಿ ಎಂಬವರು 1924ರಲ್ಲಿ ಅಲ್ಲಿ ಮೊದಲ ಶಾಲೆ ತೆರೆದರು. 1942ರಲ್ಲಿ ಯುದ್ಧದ ನೆಪದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಪಾನಿ ಕೆನಡಿಯನ್ನರನ್ನು ಮನೆ, ಅಂಗಡಿ, ದೋಣಿ ಎಲ್ಲ ಕಿತ್ತುಕೊಂಡು ಕರಾವಳಿಯಿಂದ ಎಬ್ಬಿಸಿದರು. ಅವರಲ್ಲಿ ಬಹಳಷ್ಟು ಜನ ಇಲ್ಲಿನ ಪ್ರಜೆಗಳೇ. 1949ರ ತನಕ ಅವರು ವಾಪಸು ಹೋಗುವಂತಿರಲಿಲ್ಲ. ಹಾಗೆ ಪೂರ್ವಕ್ಕೆ ಚದುರಿ ಬಂದವರ ಜೊತೆಗೇ ಜೂಡೋ ಟೊರಾಂಟೊ ಕಡೆಗೂ ಬಂದದ್ದು. ಸೆನ್ಸೇ ಇದನ್ನು ಕೋಪದಿಂದ ಹೇಳುವುದಿಲ್ಲ. ಹೇಳಿ ಮುಗಿಸಿ, "ಸರಿ, ಈಗ ಬೀಳಿ" ಎನ್ನುತ್ತಾರೆ.

ಇನ್ನು ವರದಿ. ಮಕ್ಕಳ ವಿಷಯ ಬೇಗ ಮುಗಿಸುತ್ತೇವೆ. ಬೆಲ್ಟ್ ಪರೀಕ್ಷೆ ಆಯಿತು, ಹಳದಿ, ಕಿತ್ತಳೆ ಬೆಲ್ಟುಗಳು ಬಂದವು. ಕೆಲವರು ಪಾಸಾಗಲಿಲ್ಲ. ಪಾಸಾಗದ ಮಕ್ಕಳು ಐದು ನಿಮಿಷ ಅತ್ತು ಸುಮ್ಮನಾದರು, ಅಪ್ಪ ಅಮ್ಮಂದಿರು ಮೂರು ವಾರ ಇಮೇಲ್ ಕಳಿಸಿದರು. ದುಡ್ಡು ಕಟ್ಟಿದ್ದೇವೆ ಎಂದ ಮಾತ್ರಕ್ಕೆ ಬೆಲ್ಟ್ ಕೊಡುವುದಿಲ್ಲ ಎಂದು ಸೆನ್ಸೇ ಹೇಳಿದ್ದನ್ನು ನಾವು ಅನುಮೋದಿಸಿದೆವು. ಇದರಿಂದ ಎರಡು ಕುಟುಂಬಗಳು ಬಿಟ್ಟುಹೋದವು. ಬೇಜಾರಿದೆ, ಆದರೆ ನಿರ್ಧಾರ ಬದಲಿಸಿಲ್ಲ. ತಲೆಗೆ ಏಟಾದರೆ ಮಗುವನ್ನು ತಕ್ಷಣ ಆಟದಿಂದ ಹೊರಗೆ ಕೂರಿಸುವ ನಿಯಮವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ರೋವನ್ ಸ್ಟ್ರಿಂಗರ್ ಎಂಬ ಹದಿನೇಳು ವರ್ಷದ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಮೇಲಿಂದ ಮೇಲೆ ಏಟು ಬಿದ್ದು ತೀರಿಕೊಂಡ ಮೇಲೆ, 2018ರಲ್ಲಿ ಒಂಟಾರಿಯೋ ಸರ್ಕಾರ ಅವಳ ಹೆಸರಿನಲ್ಲೇ ಕಾನೂನು ತಂದಿತು. ವರ್ಷಕ್ಕೊಮ್ಮೆ ನಿಮ್ಮಿಂದ ಸಹಿ ಮಾಡಿಸಿಕೊಳ್ಳುವ ಫಾರಂ ಅದರದ್ದೇ. ದಯವಿಟ್ಟು ಓದಿ ಸಹಿ ಹಾಕಿ.

2024ರ ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕ್ರಿಸ್ಟಾ ದೆಗುಚಿ 57 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದರಲ್ಲ, ಜೂಡೋದಲ್ಲಿ ಕೆನಡಾಕ್ಕೆ ಅದೇ ಮೊದಲ ಚಿನ್ನ. ಎದುರಾಳಿಗೆ ಮೂರನೇ ಪೆನಾಲ್ಟಿ ಬಿದ್ದು ಪಂದ್ಯ ಮುಗಿದದ್ದು ನಮ್ಮ ಮಕ್ಕಳಿಗೆ ಸಮಾಧಾನವೇ ಆಗಲಿಲ್ಲ. "ಎತ್ತಿ ಒಗೀಬೇಕಿತ್ತು ಅಂಕಲ್!" ಎಂದು ಈಗಲೂ ವಾದ ಮಾಡುತ್ತಾರೆ.

ನಿಜವಾಗಿ ಹೇಳಬೇಕಾದ ಸಂಗತಿ ಮಕ್ಕಳದ್ದಲ್ಲ, ಅವರನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರುವವರದ್ದು.

ಜಿಮ್‌ನ ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ಬೆಂಚಿದೆ. ಊರಿನಿಂದ ಬಂದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ನೀರಿನ ಬಾಟಲಿ, ಜಾಕೆಟ್ಟು, ಬೂಟು ಮಡಿಲಲ್ಲಿಟ್ಟುಕೊಂಡು ಎರಡು ಗಂಟೆ ಅಲ್ಲಿ ಕೂರುತ್ತಾರೆ. ಎಂಟು ವರ್ಷ ನಾವು ಅವರಿಗೆ ಕಾಫಿ ಕೊಟ್ಟಿದ್ದೇವೆ, ನಮಸ್ಕಾರ ಹೇಳಿದ್ದೇವೆ. ಬೇರೇನೂ ಮಾಡಲಿಲ್ಲ.

2024ರ ಜನವರಿಯ ಒಂದು ಶನಿವಾರ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ತಿಪಟೂರಿನ ಕಡೆಯ ನಿವೃತ್ತ ಮೇಷ್ಟ್ರು, ನಮ್ಮ ಕಮಿಟಿಯವರೊಬ್ಬರ ತಂದೆ, ಅಂದು ಬೆಳಿಗ್ಗೆ ಡ್ರೈವ್‌ವೇನಲ್ಲಿ ಜಾರಿ ಬಿದ್ದಿದ್ದರು. ಹಿಂದಿನ ದಿನದ ಮಳೆ ರಾತ್ರಿ ಹೆಪ್ಪುಗಟ್ಟಿತ್ತು. ಇಲ್ಲಿಯವರು ಕಪ್ಪು ಐಸು ಎನ್ನುವುದು ಅದನ್ನೇ, ಕಣ್ಣಿಗೆ ಕಾಣುವುದು ಬರೀ ಒದ್ದೆ ನೆಲ. ಉಪ್ಪು ಹಾಕಬೇಕಾದವರು ಹಾಕಿರಲಿಲ್ಲ. ಹಾಕಬೇಕಾದವರು ನಾವೇ, ಯಾರನ್ನೂ ದೂರುವುದು ಬೇಡ. ಬೀಳುವಾಗ ಅವರು ಎಲ್ಲರೂ ಮಾಡುವುದನ್ನೇ ಮಾಡಿದರು, ಕೈ ಊರಿದರು. ಮಣಿಕಟ್ಟು ಮುರಿಯಿತು.

ಆಮೇಲಿನದು ಇಲ್ಲಿ ಕುಳಿತಿರುವ ಅನೇಕರಿಗೆ ಬಾಯಿಪಾಠ. ಸೂಪರ್ ವೀಸಾಕ್ಕೆಂದು ವಿಮೆ ಮಾಡಿಸಿಯೇ ಇದ್ದರು. ವಿಮೆಯವರು ಊರಿನ ಬಿ.ಪಿ. ಮಾತ್ರೆಯ ಚೀಟಿ ಕೇಳಿದರು, ಅದಕ್ಕೂ ಹಿಂದಿನ ಚೀಟಿ ಕೇಳಿದರು. ಮಣಿಕಟ್ಟು ಮುರಿದದ್ದಕ್ಕೂ ಬಿ.ಪಿ.ಗೂ ಏನು ಸಂಬಂಧ ಎಂದು ಕೇಳಿದರೆ ಅದಕ್ಕೂ ಒಂದು ಫಾರಂ! ಕೊನೆಗೆ ಒಂದಷ್ಟು ಬಂತು, ಉಳಿದದ್ದು ಮಗನ ಜೇಬಿನಿಂದ ಹೋಯಿತು.

ಹಣದ್ದು ಹೇಗೋ ಆಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೇಷ್ಟ್ರು ಹೊರಗೆ ಬರಲಿಲ್ಲ. ಮಾರ್ಚಿನಲ್ಲಿ ಐಸು ಕರಗಿತು, ಬರಲಿಲ್ಲ. ಏಪ್ರಿಲಿನಲ್ಲಿ ಯುಗಾದಿ ಕಾರ್ಯಕ್ರಮಕ್ಕೆ ಕರೆದೆವು, ಬರಲಿಲ್ಲ. ಕಿಟಕಿಯ ಪಕ್ಕ ಕುಳಿತು ರಸ್ತೆ ನೋಡುತ್ತಿದ್ದರಂತೆ. ಸೊಸೆ ನಮ್ಮ ಹತ್ತಿರ ಹೇಳಿಕೊಂಡರು: "ಕೈ ಸರಿಹೋಯ್ತು, ಮಾವನವರ ಧೈರ್ಯ ಸರಿಹೋಗ್ಲಿಲ್ಲ."

ಈ ಮಾತನ್ನು ಸೆನ್ಸೇಗೆ ಇಂಗ್ಲಿಷಿನಲ್ಲಿ ಹೇಳಿದೆವು. ಅವರು ಒಂದು ಕ್ಷಣ ಸುಮ್ಮನಿದ್ದು ಬೆಂಚಿನ ಕಡೆ ನೋಡಿದರು. "ನಾವು ಇಲ್ಲಿ ಮೊದಲ ದಿನ ಏನು ಕಲಿಸುತ್ತೇವೆ?" ಎಂದು ಕೇಳಿದರು. ಉಕೆಮಿ, ಅಂದರೆ ಬೀಳುವುದು. "ಯಾರಿಗೆ ಕಲಿಸುತ್ತಿದ್ದೇವೆ?" ಏಳು ವರ್ಷದ ಮಕ್ಕಳಿಗೆ. ಬಿದ್ದರೂ ಚೆಂಡಿನಂತೆ ಪುಟಿಯುವವರಿಗೆ! ನಮಗೆ ನಾಚಿಕೆಯಾಯಿತು.

ಬೀಳುವುದರ ಬಗ್ಗೆ ನಮ್ಮೂರಿನ ಮನಸ್ಸೇ ಬೇರೆ. ಗರಡಿಯಲ್ಲಿ ಚಿತ್ ಆದರೆ ಸೋಲು, ಬೆನ್ನಿಗೆ ಕೆಮ್ಮಣ್ಣು ಮೆತ್ತಿದರೆ ಮುಗಿಯಿತು. ಅದಕ್ಕೇ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ. ಜೂಡೋದಲ್ಲೂ ಬೆನ್ನ ಮೇಲೆ ಬಿದ್ದರೆ ಸೋಲೇ. ಆದರೆ ಬೀಳುವ ವಿದ್ಯೆಯನ್ನು ಇಲ್ಲಿ ಬೇರೆಯಾಗಿಯೇ, ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಾರೆ. ಮುಖ್ಯವಾಗಿ ಎರಡು ಸೂತ್ರ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ ಸೊಂಟದ ಬೆಲ್ಟಿನ ಗಂಟು ನೋಡಬೇಕು, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಕೈಯನ್ನು ಊರುಗೋಲಿನಂತೆ ಊರಬಾರದು, ಇಡೀ ತೋಳನ್ನು ಚಪ್ಪಟೆಯಾಗಿ ನೆಲಕ್ಕೆ ಬಡಿಯಬೇಕು. ಇಡೀ ಭಾರ ಒಂದು ಮಣಿಕಟ್ಟಿನ ಮೇಲೆ ಬೀಳುವ ಬದಲು ತೋಳು, ಭುಜ, ಬೆನ್ನಿಗೆ ಹಂಚಿಹೋಗುತ್ತದೆ. ನಮ್ಮ ಭಾಷೆಯಲ್ಲಿ ಲೋಡ್ ಬ್ಯಾಲೆನ್ಸಿಂಗ್. ಸ್ವೀಡನ್, ನೆದರ್ಲೆಂಡ್ಸ್ ದೇಶಗಳಲ್ಲಿ ಜೂಡೋ ಶಿಕ್ಷಕರು ಹಿರಿಯರಿಗೆ ಇದನ್ನು ಕಲಿಸುತ್ತಿದ್ದಾರೆ. ಹೊಸದಾಗಿ ಕಂಡುಹಿಡಿದವರು ನಾವಲ್ಲ, ತಡವಾಗಿ ಎಚ್ಚೆತ್ತವರು.

2024ರ ಸೆಪ್ಟೆಂಬರಿನಲ್ಲಿ ಹಿರಿಯರ ತರಗತಿ ಶುರು ಮಾಡಿದೆವು. ಮೊದಲ ದಿನ ಬಂದವರು ನಾಲ್ಕು ಜನ. ಮೇಷ್ಟ್ರನ್ನು ಮೊಮ್ಮಗಳು ಕೈಹಿಡಿದು ಎಳೆದುಕೊಂಡು ಬಂದಳು. ಮ್ಯಾಟಿನ ಅಂಚಿನಲ್ಲಿ ನಿಂತು ಅವರು ಹೇಳಿದ್ದು ನಮಗೆ ಮರೆಯುವುದಿಲ್ಲ: "ಅಲ್ಲಪ್ಪಾ, ಎಪ್ಪತ್ತೆರಡು ವರ್ಷ ನೆಟ್ಟಗೆ ನಿಂತವನಿಗೆ ಈಗ ಬೀಳೋದು ಹೇಳ್ಕೊಡ್ತೀರಾ?"

ಯಾರನ್ನೂ ಎತ್ತಿ ಒಗೆಯುವುದಿಲ್ಲ, ಗಾಬರಿ ಬೇಡ. ಮೊದಲ ಮೂರು ವಾರ ಬರೀ ಮಲಗಿಕೊಂಡೇ ಪಾಠ. ಗದ್ದ ಎದೆಗೆ, ತೋಳು ನೆಲಕ್ಕೆ. ಆಮೇಲೆ ಕುಳಿತಲ್ಲಿಂದ ಹಿಂದಕ್ಕೆ ಉರುಳುವುದು. ಕುಕ್ಕರಗಾಲಿನಲ್ಲಿ ಕೂತು ಪಕ್ಕಕ್ಕೆ ಬೀಳುವುದು ತೀರಾ ಕೊನೆಗೆ, ಅದೂ ಆಗುವವರಿಗೆ ಮಾತ್ರ. ಎಲ್ಲರೂ ಡಾಕ್ಟರ ಚೀಟಿ ತರಲೇಬೇಕು. ಮೂಳೆ ಸವೆದವರಿಗೆ, ಮಂಡಿ ಸೊಂಟದ ಆಪರೇಷನ್ ಆದವರಿಗೆ ಬೀಳುವ ಪಾಠವೇ ಇಲ್ಲ. ಅವರಿಗೆ ಸಮತೋಲದ ಅಭ್ಯಾಸ, ಮತ್ತು ನೆಲದಿಂದ ಏಳುವ ಅಭ್ಯಾಸ.

ಈ ಏಳುವ ವಿಷಯ ನಮಗೆ ಹೊಳೆದೇ ಇರಲಿಲ್ಲ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟ ಮಾಡಿದ ಜನ, ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ಕಾಯಿ ತುರಿದ ಜನ, ಸೋಫಾ ಡೈನಿಂಗ್ ಟೇಬಲ್ಲಿಗೆ ಬಂದ ಮೇಲೆ ನೆಲ ಮರೆತಿದ್ದಾರೆ. ನಾಲ್ವರಲ್ಲಿ ಮೂವರಿಗೆ ಯಾರಾದರೂ ಕೈ ಕೊಡದೆ ಏಳಲಾಗಲಿಲ್ಲ. ಹಗಲು ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಬಿದ್ದರೆ, ಪೆಟ್ಟಾಗದಿದ್ದರೂ ಮಗ ಸೊಸೆ ಆಫೀಸಿನಿಂದ ಬರುವ ತನಕ ಬೇಸ್‌ಮೆಂಟಿನ ತಣ್ಣನೆಯ ನೆಲದ ಮೇಲೆ ಹಾಗೇ ಇರಬೇಕು. ಈಗ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ನಾಲ್ಕು ಕಾಲಿಗೆ ಬಂದು, ಕುರ್ಚಿಯವರೆಗೆ ಅಂಬೆಗಾಲಿಟ್ಟು, ಒಂದು ಪಾದ ಮುಂದಿಟ್ಟು ಏಳುವುದನ್ನು ವಾರ ವಾರ ಮಾಡಿಸುತ್ತೇವೆ. ಅಜ್ಜಿ ಅಂಬೆಗಾಲಿಡುವುದನ್ನು ನೋಡಿ ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಹೆಂಗಸರು ಮೊದಲು ಬರಲೇ ಇಲ್ಲ. ಸೀರೆಯಲ್ಲಿ ಉರುಳುವುದು ಹೇಗೆ, ಗಂಡಸರ ಮುಂದೆ ಮಲಗುವುದು ಹೇಗೆ? ನಮ್ಮ ಇಮೇಲ್‌ಗಳಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಕ್ಲಬ್ಬಿನ ಕಂದು ಬೆಲ್ಟಿನ ಹುಡುಗಿಯರಿಬ್ಬರು ತಾವಾಗಿಯೇ ಮುಂದೆ ಬಂದು, ಹೆಂಗಸರಿಗೆ ಬೇರೆ ಸಮಯ, ಚೂಡಿದಾರ್ ಸಾಕು, ಕಲಿಸುವವರು ನಾವೇ ಎಂದರು. ಎರಡು ತಿಂಗಳಲ್ಲಿ ಹಿರಿಯರ ಸಂಖ್ಯೆ ನಾಲ್ಕರಿಂದ ಹದಿನಾಲ್ಕಾಯಿತು.

2025ರ ಫೆಬ್ರವರಿಯಲ್ಲಿ ಟೊರಾಂಟೊ ಸುತ್ತಮುತ್ತ ಒಂದರ ಹಿಂದೊಂದು ಹಿಮಪಾತವಾದದ್ದು ನೆನಪಿದೆಯಲ್ಲ? ಆ ದಿನಗಳಲ್ಲಿ ತರಗತಿಯ ಅಜ್ಜಿಯೊಬ್ಬರು ಪ್ಲಾಜಾದ ಪಾರ್ಕಿಂಗ್ ಲಾಟಿನಲ್ಲಿ ಕರಿಬೇವಿನ ಚೀಲ ಹಿಡಿದುಕೊಂಡೇ ಜಾರಿದರು. ಪಕ್ಕಕ್ಕೆ ಬಿದ್ದು, ತೊಡೆ ಎರಡು ವಾರ ನೀಲಿಯಾಗಿತ್ತು, ಮೂಳೆಗೆ ಏನೂ ಆಗಲಿಲ್ಲ. ತರಗತಿಯಿಂದಲೇ ಹೀಗಾಯಿತು ಎಂದು ನಾವು ಡಂಗುರ ಸಾರುವುದಿಲ್ಲ. ಒಂದೇ ಟೆಸ್ಟ್ ಪಾಸಾಯಿತೆಂದು ಸಾಫ್ಟ್‌ವೇರ್ ಬಿಡುಗಡೆ ಮಾಡುವವರು ನಾವಲ್ಲ. ಅಜ್ಜಿ ಮಾತ್ರ ಎಲ್ಲರಿಗೂ ತಾವು "ಸರಿಯಾಗಿ ಬಿದ್ದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಈಗ ದುಡ್ಡಿನ ಮಾತು. ಜಿಗೊರೊ ಕಾನೋ 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಜೂಡೋ ಶುರು ಮಾಡಿದಾಗ ಅವರಿಗಿದ್ದದ್ದು ಹನ್ನೆರಡು ಚಾಪೆಯ ಜಾಗ. ನಮ್ಮ ಹತ್ತಿರ ಸ್ವಂತದ್ದು ಹದಿನಾಲ್ಕು ಮ್ಯಾಟ್. ಎರಡು ಹೆಚ್ಚೇ ಇದೆಯಲ್ಲ ಎನ್ನಬೇಡಿ! ಉಳಿದವನ್ನು ಇನ್ನೊಂದು ಕ್ಲಬ್ಬಿನಿಂದ ಬಾಡಿಗೆಗೆ ತರುತ್ತೇವೆ, ಮುಂದಿನ ಚಳಿಗಾಲಕ್ಕೆ ಅವರಿಗೇ ಬೇಕಂತೆ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಅಂಗಳಕ್ಕೆ ಒಂದು ಮೀಟರಿಗೆ ಎರಡು ಮೀಟರಿನ ಮ್ಯಾಟು ಮೂವತ್ತೆರಡು ಬೇಕು. ಒಂದೊಂದೂ ಸುಮಾರು 18 ಕಿಲೋ. ಒಟ್ಟು ಅರ್ಧ ಟನ್ನಿಗೂ ಮೇಲೆ. ಇದನ್ನು ಪ್ರತಿ ಶನಿವಾರ ಸದಸ್ಯರೊಬ್ಬರ ಗ್ಯಾರೇಜಿನಿಂದ ವ್ಯಾನಿನಲ್ಲಿ ಹೊತ್ತು ತಂದು ಹಾಸಿ, ಮತ್ತೆ ಸುತ್ತಿ ಒಯ್ಯುತ್ತೇವೆ. ಆ ಸದಸ್ಯರ ಕಾರು ಎಂಟು ವರ್ಷದಿಂದ ಹಿಮದಲ್ಲೇ ನಿಂತಿದೆ, ಅವರ ಮನೆಯವರ ತಾಳ್ಮೆಗೆ ಇಲ್ಲಿಂದಲೇ ಒಂದು ನಮಸ್ಕಾರ.

ಹದಿನೆಂಟು ಹೊಸ ಮ್ಯಾಟು, ಎರಡು ಗಾಲಿಬಂಡಿ, ಶಾಲೆಯಲ್ಲೇ ಇಡಲು ಒಂದು ಬೀಗದ ಕೋಣೆಯ ಬಾಡಿಗೆ. ಕೇಳುತ್ತಿರುವುದು ಇಷ್ಟೇ. ಕಮಿಟಿಯಲ್ಲಿ ಜಗಳವಾಯಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಈ ಹಣದಲ್ಲಿ ಮಕ್ಕಳನ್ನು ಮಾಂಟ್ರಿಯಲ್ಲಿನ ಟೂರ್ನಮೆಂಟಿಗೆ ಕರೆದೊಯ್ಯಬಹುದಿತ್ತು, ಕ್ಲಬ್ ಹೆಸರಿನ ಜಾಕೆಟ್ ಹೊಲಿಸಬಹುದಿತ್ತು. ಜಾಕೆಟ್ ಬಿಟ್ಟೆವು. ಟೂರ್ನಮೆಂಟಿಗೆ ಹೋಗುವವರು ಈ ಸಲ ತಮ್ಮ ಖರ್ಚಿನಲ್ಲೇ ಹೋಗಬೇಕು. ಕೆಲವರಿಗೆ ಇದು ಸರಿ ಬಂದಿಲ್ಲ. ಅವರ ಮಾತಿನಲ್ಲೂ ನ್ಯಾಯವಿದೆ, ಕ್ಲಬ್ಬು ಶುರುವಾದದ್ದು ಮಕ್ಕಳಿಗಾಗಿಯೇ. ಆದರೂ ಮ್ಯಾಟಿಲ್ಲದೆ ಮಕ್ಕಳೂ ಬೀಳಲಾರರು.

ಮುಂದಿನ ಕಾರ್ಯಕ್ರಮಗಳನ್ನು ಬರೆದಿಟ್ಟುಕೊಳ್ಳಿ. ಬೇಸಿಗೆ ರಜೆ ಮುಗಿದ ಮೊದಲ ಶನಿವಾರ ಹೊಸ ಮಕ್ಕಳ ನೋಂದಣಿ. ಸೆಪ್ಟೆಂಬರ್ ಕೊನೆಗೆ ಹಿರಿಯರ ಹೊಸ ತಂಡ, ಹತ್ತು ವಾರ, ಶುಲ್ಕವಿಲ್ಲ, ಹಿಮ ಬೀಳುವ ಮೊದಲೇ ಮುಗಿಸುವ ಆಸೆ. ನವೆಂಬರಿನಲ್ಲಿ ಬೆಲ್ಟ್ ಪರೀಕ್ಷೆ, ಇಮೇಲ್ ಕಳಿಸುವವರು ಈಗಲೇ ಕರಡು ತಯಾರಿಸಿಟ್ಟುಕೊಳ್ಳಬಹುದು. ಡಿಸೆಂಬರಿನ ಪಾಟ್‌ಲಕ್ ದಿನ ಅಜ್ಜ ಅಜ್ಜಿಯರದ್ದೇ ಪ್ರದರ್ಶನ. ಹಾಗೇ ಗ್ಯಾರೇಜಿನಲ್ಲಿ ಒಂದು ಚೀಲ ಉಪ್ಪನ್ನು ಅಕ್ಟೋಬರಿನಲ್ಲೇ ತಂದಿಡಿ.

ಮೇಷ್ಟ್ರು ಇವತ್ತು ಇಲ್ಲೇ ಇದ್ದಾರೆ, ಮೂರನೇ ಟೇಬಲ್ಲಿನಲ್ಲಿ. ಅವರಿಗೆ ಬೆಲ್ಟ್ ಕೊಡಲು ಹೋದರೆ ಬೇಡ ಎಂದರು, ಪಂಚೆ ಕಟ್ಟಿಕೊಳ್ಳುವವನಿಗೆ ಬೆಲ್ಟ್ ಯಾಕೆ ಎಂದು. ಈಗ ಹೊಸದಾಗಿ ಬರುವ ಹಿರಿಯರಿಗೆ ಮೊದಲ ದಿನ ಮಲಗಿ ತೋರಿಸುವವರು ಅವರೇ. ಊಟದ ಹಾಲಿನ ಬಾಗಿಲ ಹತ್ತಿರ ಎರಡು ಮ್ಯಾಟು ಹಾಸಿದ್ದೇವೆ, ಪಕ್ಕದಲ್ಲೇ ಚೆಕ್ ಹಾಕುವ ಪೆಟ್ಟಿಗೆ ಇದೆ. ಯಾರಿಗಾದರೂ ನೋಡಬೇಕೆಂದರೆ ಮೇಷ್ಟ್ರು ಬಿದ್ದು ತೋರಿಸುತ್ತಾರಂತೆ. ಊಟಕ್ಕೆ ಮುಂಚೆ ಬನ್ನಿ, ಊಟವಾದ ಮೇಲೆ ಅವರು ಬೀಳುವುದಿಲ್ಲ.